ಫೋರ್ಡಿಂಗ್ಟನ್ ಊರಿನ ಹೆನ್ರಿ ಮೋಲ್ ಬೋಧಕರೂ ಅವರ ಒಣಮಣ್ಣಿನ ಪಾಯಖಾನೆಯೂ

ದೈವಭಕ್ತರ ಚರಿತ್ರೆಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಅವರ ಪ್ರಸಂಗಗಳನ್ನೂ ಪ್ರಯಾಣಗಳನ್ನೂ ಅವರು ತಾಳಿಕೊಂಡ ಹಿಂಸೆಗಳನ್ನೂ ಕುರಿತು ಕೇಳುತ್ತೇವೆ. ಈ ಸಾರಿ ನಾವು ಹೇಳಲಿಕ್ಕಿರುವ ಬೋಧಕರ ಹೆಸರಾದರೋ ಒಂದು ಪಾಯಖಾನೆಯ ಮೂಲಕ ಲೋಕಕ್ಕೆ ತಿಳಿದುಬಂತು. ಇದನ್ನು ಕೇಳಿ ಯಾರೂ ನಗಬಾರದು, ಮೂಗು ಮುಚ್ಚಿಕೊಳ್ಳಲೂ ಬಾರದು. ಯಾಕಂದರೆ ಮನುಷ್ಯರ ಮಲವು ದಿನಾಲು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು ನಾಚಿಕೆಯಿಂದ ಮುಚ್ಚಿಟ್ಟ ಊರಿನಲ್ಲಿ ಎಷ್ಟು ತೊಟ್ಟಿಲುಗಳು ಬರಿದಾಗುತ್ತವೆಂಬದನ್ನು ಈ ಬೋಧಕರು ಕಣ್ಣಾರೆ ಕಂಡರು, ಕಂಡು ಸುಮ್ಮನಿರಲಿಲ್ಲ.

ಹೆನ್ರಿ ಮೋಲರು 1801ನೆಯ ಇಸವಿ ಜನವರಿ 27ರಂದು ಇಂಗ್ಲೆಂಡ್ ದೇಶದ ವಿಲ್ಟ್‌ಶೈರ್ ಸೀಮೆಯ ಮೆಲ್ಕ್‌ಶಮ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ವಕೀಲಿಯನ್ನೂ ಲೇವಾದೇವಿಯ ವ್ಯವಹಾರವನ್ನೂ ನಡಿಸುತ್ತಿದ್ದ ಅನುಕೂಲಸ್ಥನು. ಹೆನ್ರಿಯು ಆತನ ಆರನೆಯ ಮಗನು. ಹುಡುಗನು ಮಾರ್ಲ್‌ಬರೋ ಪಟ್ಟಣದ ಶಾಲೆಯಲ್ಲಿ ಕಲಿತು, ಕೇಂಬ್ರಿಜ್ ವಿದ್ಯಾಲಯಕ್ಕೆ ಸೇರಿ, 1821ರಲ್ಲಿ ಬಿ.ಎ. ಪದವಿಯನ್ನು ಹೊಂದಿದನು. 1823ರಲ್ಲಿ ಬೋಧಕ ದೀಕ್ಷೆಯಾಯಿತು. ಮಾರನೆಯ ವರುಷ ಮೇರಿ ಎಂಬಾಕೆಯನ್ನು ಮದುವೆಯಾದರು. ಎರಡು ಸಭೆಗಳಲ್ಲಿ ಕೆಲಸಮಾಡಿದ ಮೇಲೆ 1829ರಲ್ಲಿ ಡಾರ್ಸೆಟ್ ಸೀಮೆಯ ಫೋರ್ಡಿಂಗ್ಟನ್ ಊರಿನ ಸಭಾಪಾಲಕರಾಗಿ ನೇಮಕವಾದರು. ಆಗ ಅವರಿಗೆ 28 ವರುಷ ಪ್ರಾಯ. ಆ ಊರನ್ನು ಅವರು ಮತ್ತೆ ಬಿಡಲಿಲ್ಲ. 51 ವರುಷ ಅಲ್ಲಿಯೇ ಸೇವೆಮಾಡಿ ಅಲ್ಲಿಯೇ ಕಣ್ಣುಮುಚ್ಚಿದರು.

ಫೋರ್ಡಿಂಗ್ಟನ್ ಎಂಬದು ಡಾರ್ಚೆಸ್ಟರ್ ಪಟ್ಟಣಕ್ಕೆ ಅಂಟಿಕೊಂಡಿರುವ ಹಳ್ಳಿ. ಸುತ್ತಲಿನ ವಿಸ್ತಾರವಾದ ಹೊಲಗಳೆಲ್ಲಾ ಕಾರ್ನ್‌ವಾಲ್ ಡ್ಯೂಕರ ಸಂಸ್ಥಾನಕ್ಕೆ, ಅಂದರೆ ರಾಜಕುಮಾರನ ಆಸ್ತಿಗೆ ಸೇರಿದ್ದವು. ಮನೆ ಕಟ್ಟಲಿಕ್ಕೆ ಸ್ಥಳ ಸಿಕ್ಕದೆ ಬಡವರು ಫ್ರೂಮ್ ನದಿಯ ಮಗ್ಗುಲಲ್ಲಿ, ಗಿರಣಿಯ ಬೀದಿಯ ಸುತ್ತಲೂ ಒತ್ತೊತ್ತಾಗಿ ತುಂಬಿಕೊಂಡರು. ಮನೆಮನೆಯ ಕೊಳಚೆಯು ಗಿರಣಿಯ ಕೆರೆಗೂ ಕಾಲುವೆಗೂ ಇಳಿಯುತ್ತಿತ್ತು. ಅದೇ ನೀರನ್ನು ಅದೇ ಜನರು ಬಟ್ಟೆ ಒಗೆಯಲಿಕ್ಕೂ ಪಾತ್ರೆ ತೊಳೆಯಲಿಕ್ಕೂ ಮೊಗೆದುಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಆ ಬೀದಿಯನ್ನು ಹಾದುಹೋಗುವದೇ ಕಷ್ಟವಾಗಿತ್ತು. ಆದರೆ ಅಲ್ಲಿ ಹುಟ್ಟಿದವರಿಗೆ ಹೋಗಲಿಕ್ಕೆ ಬೇರೆ ಸ್ಥಳವಿರಲಿಲ್ಲ.

ಹೊಸ ಬೋಧಕರನ್ನು ಊರವರು ಮೊದಲು ಪ್ರೀತಿಸಲಿಲ್ಲ. ಡಾರ್ಚೆಸ್ಟರಿನಲ್ಲಿ ನಡೆಯುತ್ತಿದ್ದ ಕುದುರೆಪಂದ್ಯಗಳಿಂದ ಜನರು ಕೆಡುತ್ತಾರೆಂದು ಇವರು ಬಲವಾಗಿ ವಿರೋಧಿಸಿ, 1833ರಲ್ಲಿ ಅವುಗಳನ್ನು ನಿಲ್ಲಿಸಿಬಿಟ್ಟರು. ಇದರಿಂದ ಅನೇಕರ ಮನಸ್ಸು ಕಹಿಯಾಯಿತು. ಇವರಾದರೋ ತಮ್ಮ ಕೆಲಸವನ್ನು ಬಿಡಲಿಲ್ಲ. ಡಾರ್ಚೆಸ್ಟರಿನ ಸೈನಿಕರ ಬಿಡಾರದಲ್ಲಿ ಕೆಲವು ವರುಷ ಬೋಧಕರಾಗಿದ್ದು, ಅಲ್ಲಿ ಮಾಡಿದ ಪ್ರಸಂಗಗಳನ್ನು ಅಚ್ಚುಹಾಕಿಸಿ, ಆ ಪುಸ್ತಕದಿಂದ ಬಂದ ಹಣದಿಂದ 1846ರಲ್ಲಿ ಸೈನಿಕರಿಗೋಸ್ಕರವೂ ಊರಿನ ದೂರದ ಭಾಗದವರಿಗೋಸ್ಕರವೂ ಒಂದು ದೇವಾಲಯವನ್ನು ಕಟ್ಟಿಸಿದರು. ತಮಗೆ ಸರಿಯೆಂದು ಕಂಡದ್ದನ್ನು ಯಾರು ಮೆಚ್ಚಿದರೂ ಮೆಚ್ಚದಿದ್ದರೂ ಮಾಡಿ ಮುಗಿಸುವದು ಅವರ ಸ್ವಭಾವವಾಗಿತ್ತು. ಈ ಸ್ವಭಾವವೇ ಮುಂದೆ ಊರಿಗೆ ಆಸರೆಯಾಯಿತು.

1849ರಲ್ಲಿ ಕಾಲರಾ ಎಂಬ ವಾಂತಿಭೇದಿಯ ಜಾಡ್ಯವು ಫೋರ್ಡಿಂಗ್ಟನಿಗೆ ಬಂತು. 1854ರಲ್ಲಿ ಅದು ಮತ್ತೊಮ್ಮೆ ಬಂತು. ಬಂದ ದಾರಿಯನ್ನು ಕೇಳಿದರೆ ಮೈ ನಡುಗುತ್ತದೆ. ಲಂಡನ್ ಪಟ್ಟಣದ ಮಿಲ್‌ಬ್ಯಾಂಕ್ ಸೆರೆಮನೆಯಲ್ಲಿ ಕಾಲರಾ ಹುಟ್ಟಲು, ಅಲ್ಲಿಯ ಕೈದಿಗಳಲ್ಲಿ ಕೆಲವರನ್ನು ಸರಕಾರದವರು ಡಾರ್ಚೆಸ್ಟರಿನ ಸೈನಿಕರ ಬಿಡಾರಕ್ಕೆ ಸಾಗಿಸಿದರು. ಅವರ ಬಟ್ಟೆಗಳನ್ನು ಒಗೆಯಲಿಕ್ಕೆ ಫೋರ್ಡಿಂಗ್ಟನಿನ ಬಡ ಹೆಂಗಸರಿಗೆ ಕೊಟ್ಟರು. ನಾಲ್ಕು ಕಾಸಿನ ಆಶೆಗೆ ಆ ತಾಯಂದಿರು ಗಂಟುಗಳನ್ನು ಮನೆಗೆ ಹೊತ್ತುತಂದರು. ಗಂಟಿನೊಳಗೆ ಮರಣವೂ ಬಂತು. ಒಗೆಯುವವರ ಮನೆಗಳಲ್ಲಿಯೇ ಮೊದಲು ರೋಗ ತಗಲಿತು. ಬಳಿಕ ಬೀದಿಯಲ್ಲಿ ಹಬ್ಬಿತು.

ಮೋಲರು ಆ ದಿನಗಳಲ್ಲಿ ಹಗಲೂ ರಾತ್ರಿಯೂ ರೋಗಿಗಳ ಮನೆಗಳನ್ನು ಬಿಡಲಿಲ್ಲ. ಸಾಯುವವರ ಹಾಸಿಗೆಯ ಬಳಿಯಲ್ಲಿ ಪ್ರಾರ್ಥಿಸಿದರು, ಸತ್ತವರನ್ನು ಹೂಳಿದರು. ಅಷ್ಟಕ್ಕೇ ನಿಲ್ಲದೆ, ರೋಗಿಗಳ ಹಾಸಿಗೆಬಟ್ಟೆಗಳನ್ನು ಸುಡಿಸಿದರು. ಬೀದಿಯಲ್ಲಿ ದೊಡ್ಡ ಹಂಡೆಗಳನ್ನಿಟ್ಟು ಉಳಿದ ಬಟ್ಟೆಗಳನ್ನು ಕುದಿಸಿದರು. ಜಾಡ್ಯವು ಫೋರ್ಡಿಂಗ್ಟನಿನಿಂದ ದಾಟಿ ಡಾರ್ಚೆಸ್ಟರ್ ಪಟ್ಟಣವನ್ನು ಹಿಡಿಯದಂತೆ ತಡೆದದ್ದರಲ್ಲಿ ಅವರ ಪಾಲು ದೊಡ್ಡದೆಂದು ಜನರು ಒಪ್ಪಿಕೊಂಡರು. ಮುಖ ತಿರುಗಿಸಿಕೊಂಡು ಹೋಗುತ್ತಿದ್ದವರು ಅಂದಿನಿಂದ ಅವರನ್ನು ತಮ್ಮ ತಂದೆಯಂತೆ ಕಂಡರು.

ರೋಗವು ಶಾಂತವಾದ ಮೇಲೆ ಅನೇಕರು ಅದನ್ನು ಮರೆತರು, ಇವರು ಮರೆಯಲಿಲ್ಲ. ಊರಿನ ಭೂಮಿಯು ಯಾರದೋ ಅವರನ್ನೇ ಕೇಳಬೇಕೆಂದು ನಿಶ್ಚಯಿಸಿದರು. ರಾಜಕುಮಾರನು ಇನ್ನೂ ಬಾಲಕನಾಗಿದ್ದದರಿಂದ ಸಂಸ್ಥಾನದ ಆಡಳಿತ ಮಂಡಲಿಗೆ ವಿಕ್ಟೋರಿಯ ರಾಣಿಯ ಗಂಡನಾದ ಆಲ್ಬರ್ಟ್ ಪ್ರಭುವೇ ಅಧ್ಯಕ್ಷನಾಗಿದ್ದನು. ಆತನಿಗೆ ಮೋಲರು ಎಂಟು ಪತ್ರಗಳನ್ನು ಬರೆದು, ಆ ಬೀದಿಯ ಇಕ್ಕಟ್ಟನ್ನೂ ಕೊಳಚೆಯನ್ನೂ ಕುಡಿಯುವ ನೀರಿನ ಸ್ಥಿತಿಯನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ, 1855ರಲ್ಲಿ ಅವುಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿದರು. ಹಳ್ಳಿಯ ಬೋಧಕನು ರಾಣಿಯ ಗಂಡನಿಗೆ ಹೀಗೆ ಬರೆಯುವದು ಆ ಕಾಲದಲ್ಲಿ ಸಣ್ಣ ಮಾತಲ್ಲ.

ಆದರೆ ದೊಡ್ಡವರಿಗೆ ಬರೆದ ಪತ್ರದಿಂದ ತನ್ನ ಮನೆಯ ಹಿತ್ತಲು ಶುಚಿಯಾಗುವದಿಲ್ಲವೆಂಬದನ್ನು ಅವರು ಬೇಗನೆ ಕಂಡುಕೊಂಡರು. 1858ನೆಯ ಬೇಸಿಗೆಯಲ್ಲಿ ಬಿಸಿಲು ವಿಪರೀತವಾಗಿ, ಲಂಡನಿನಲ್ಲಿ ಥೇಮ್ಸ್ ನದಿಯು ನಾತಹೊಡೆದು ಪಾರ್ಲಿಮೆಂಟಿನವರೇ ಕುಳಿತುಕೊಳ್ಳಲಾರದೆ ಹೋದರು. ಫೋರ್ಡಿಂಗ್ಟನಿನಲ್ಲಿಯೂ ಮನೆಗಳ ದುರ್ವಾಸನೆಯು ಸಹಿಸಲಶಕ್ಯವಾಯಿತು. ಬೋಧಕರ ಮನೆಯ ಮಲದ ಗುಂಡಿಯಾದರೂ ಬೇರೆಯವರದಕ್ಕಿಂತ ಒಳ್ಳೇದಾಗಿರಲಿಲ್ಲ. ಅದು ನೆರೆಯವನಿಗೂ ಉಪದ್ರವವಾಗಿತ್ತು. ಆದದರಿಂದ 1859ರಲ್ಲಿ ಆ ಗುಂಡಿಯನ್ನು ಮಣ್ಣಿನಿಂದ ತುಂಬಿಸಿ ಮುಚ್ಚಿಬಿಟ್ಟು, ಇನ್ನು ಮುಂದೆ ಎಲ್ಲರೂ ಬಾಲ್ದಿಯನ್ನು ಉಪಯೋಗಿಸಬೇಕೆಂದು ಮನೆಯವರಿಗೆ ಅಪ್ಪಣೆಕೊಟ್ಟರು.

ಮೊದಲು ಬಾಲ್ದಿಯಲ್ಲಿದ್ದದ್ದನ್ನು ತೋಟದಲ್ಲಿ ಒಂದು ಅಡಿ ಆಳದ ಚರಂಡಿಯನ್ನು ತೆಗೆದು ಹೂಳಿಸುತ್ತಿದ್ದರು. ಮೂರು ನಾಲ್ಕು ವಾರಗಳ ಮೇಲೆ ಅದೇ ಸ್ಥಳವನ್ನು ಅಕಸ್ಮಾತ್ತಾಗಿ ಅಗಿದಾಗ ಆಶ್ಚರ್ಯವಾಯಿತು: ಹೂತದ್ದರ ಗುರುತೇ ಇರಲಿಲ್ಲ; ಮಣ್ಣು ಬರೇ ಮಣ್ಣಾಗಿತ್ತು. ಆಗ ಅವರು ಒಂದು ಚಪ್ಪರವನ್ನು ಹಾಕಿಸಿ, ಅದರ ಕೆಳಗೆ ಒಣಗಿದ ಮಣ್ಣನ್ನು ಜರಡಿಯಲ್ಲಿ ಸೋಸಿಡಿಸಿ, ಪ್ರತಿ ಮುಂಜಾನೆ ಬಾಲ್ದಿಯ ಮಲವನ್ನು ಈ ಮಣ್ಣಿನೊಂದಿಗೆ ಕಲಸಿಸಿ ನೋಡಿದರು. ಒಬ್ಬ ಹುಡುಗನಿಗೆ ಇದು ಕಾಲು ತಾಸಿನ ಕೆಲಸ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕಣ್ಣಿಗಾಗಲಿ ಮೂಗಿಗಾಗಲಿ ಅಸಹ್ಯವಾದದ್ದೇನೂ ಉಳಿಯುತ್ತಿರಲಿಲ್ಲ. ಅಲ್ಲದೆ ಅದೇ ಮಣ್ಣನ್ನು ಪುನಃ ಒಣಗಿಸಿದರೆ ಐದಾರು ಸಾರಿ ಉಪಯೋಗಿಸಬಹುದೆಂದೂ ಕಂಡುಬಂತು.

ಇದರಿಂದ ಹುಟ್ಟಿದ ಉಪಕರಣವು ಬಹು ಸರಳವಾದದ್ದು. ಮರದ ಪೀಠ, ಅದರ ಕೆಳಗೆ ಬಾಲ್ದಿ, ಬೆನ್ನಿನ ಹಿಂದೆ ಒಣಮಣ್ಣು ತುಂಬಿದ ಪೆಟ್ಟಿಗೆ. ಎದ್ದ ಮೇಲೆ ಹಿಡಿಯನ್ನು ಎಳೆದರೆ ಅಳತೆಗೆ ತಕ್ಕಷ್ಟು ಮಣ್ಣು, ಸುಮಾರು ಒಂದೂವರೆ ಪಿಂಟಿನಷ್ಟು, ಅಂದರೆ ಲೀಟರಿಗಿಂತ ಸ್ವಲ್ಪ ಕಡಿಮೆ, ಕೆಳಗೆ ಬಿದ್ದು ಎಲ್ಲವನ್ನೂ ಮುಚ್ಚುತ್ತಿತ್ತು. ನಲ್ಲಿ ಬೇಡ, ಕೊಳವೆ ಬೇಡ, ಚರಂಡಿ ಬೇಡ. ಮನೆಯೊಳಗೆ, ಮಲಗುವ ಕೋಣೆಯ ಮಗ್ಗುಲಲ್ಲಿಯೇ ಇಡಬಹುದಾಗಿತ್ತು. ಜೇಮ್ಸ್ ಬ್ಯಾನರ್ ಎಂಬವರ ಸಂಗಡ ಕೂಡಿಕೊಂಡು ಮೋಲರು 1860ನೆಯ ಇಸವಿ ಮೇ 28ರಂದು ಇದಕ್ಕೆ ಸರಕಾರದ ಹಕ್ಕುಪತ್ರವನ್ನು ಪಡೆದರು.

ಬಳಿಕ ಇದು ಮನೆಗಳಿಗೂ ಶಾಲೆಗಳಿಗೂ ಆಸ್ಪತ್ರೆಗಳಿಗೂ ಹರಡಿತು. ಡಾರ್ಚೆಸ್ಟರಿನ ಒಂದು ಶಾಲೆಯವರು 1865ರಲ್ಲಿ ನೀರಿನ ಪಾಯಖಾನೆಗಳನ್ನು ತೆಗೆದು ಮಣ್ಣಿನವುಗಳನ್ನು ಇಟ್ಟಾಗ ವರುಷದ ಖರ್ಚು ಬಹಳ ಇಳಿಯಿತು. 1868ರಲ್ಲಿ ವಿಂಬಲ್ಡನ್ ಬೈಲಿನಲ್ಲಿ ಸ್ವಯಂಸೇವಕ ಸೈನಿಕರು ಪಾಳೆಯ ಹಾಕಿದಾಗ 2000ಕ್ಕೆ ಕಡಿಮೆಯಿಲ್ಲದ ಜನರು ದಿನಾಲು ಇವುಗಳನ್ನೇ ಉಪಯೋಗಿಸಿದರು. ನಾತವೇ ಹುಟ್ಟಲಿಲ್ಲವೆಂದು ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೋಲರು 1868ರಿಂದ 1873ರ ವರೆಗೆ ಈ ವಿಷಯವಾಗಿಯೇ ಪುಸ್ತಕದ ಮೇಲೆ ಪುಸ್ತಕವನ್ನು ಬರೆದರು. ದೇಶದ ಆರೋಗ್ಯವೂ ಐಶ್ವರ್ಯವೂ ನದಿಯಲ್ಲಿ ಹರಿದುಹೋಗುತ್ತವೆ, ಅವುಗಳನ್ನು ಹೊಲಕ್ಕೆ ತಿರುಗಿಸಿರಿ ಎಂಬದೇ ಅವುಗಳ ಸಾರ.

ಗೊಬ್ಬರದ ವಿಷಯದಲ್ಲಿ ಅವರ ನಿರೀಕ್ಷೆಯು ಸ್ವಲ್ಪ ಅತಿಯಾಗಿತ್ತೆಂದು ಸತ್ಯಕ್ಕೋಸ್ಕರ ಹೇಳಬೇಕು. ಒಬ್ಬ ಒಕ್ಕಲಿಗನ ಹೊಲದ ಅರ್ಧಕ್ಕೆ ಐದು ಸಾರಿ ಉಪಯೋಗಿಸಿದ ಮಣ್ಣನ್ನೂ ಇನ್ನರ್ಧಕ್ಕೆ ಅಂಗಡಿಯ ಗೊಬ್ಬರವನ್ನೂ ಹಾಕಿ ಗೆಡ್ಡೆಗಳನ್ನು ಬೆಳೆಸಿದಾಗ, ಮಣ್ಣಿನ ಪಾಲಿನ ಗೆಡ್ಡೆಗಳು ಮೂರನೆಯ ಒಂದಂಶದಷ್ಟು ಹೆಚ್ಚು ದಪ್ಪವಾದವು. ಆದರೆ 1872ರಲ್ಲಿ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞರು ಇಂಥ ಮಣ್ಣನ್ನು ಪರೀಕ್ಷಿಸಿ, ಇದರಲ್ಲಿ ಒಳ್ಳೇ ತೋಟದ ಮಣ್ಣಿಗಿಂತ ಹೆಚ್ಚಿನ ಸಾರವು ಸ್ವಲ್ಪವೇ ಎಂದು ತೋರಿಸಿಕೊಟ್ಟರು. ಬಹಳ ಮಣ್ಣಿನಲ್ಲಿ ಸ್ವಲ್ಪ ಸಾರ ಬೆರೆತರೆ ಹಾಗೆಯೇ ಆಗುವದು. ಪಟ್ಟಣಗಳಲ್ಲಿಯೂ ಮಣ್ಣನ್ನು ಗಾಡಿಗಳಲ್ಲಿ ತರುವದು, ಒಣಗಿಸುವದು, ಹೊರಗೆ ಸಾಗಿಸುವದು ದೊಡ್ಡ ಹೊರೆಯಾದದರಿಂದ ಕೊನೆಗೆ ನೀರೂ ಕೊಳವೆಗಳೂ ಗೆದ್ದವು. ಹಳ್ಳಿಯಲ್ಲಾದರೋ ಮಣ್ಣು ಬಾಗಿಲಲ್ಲಿಯೇ ಬಿದ್ದಿದೆ. ಹೊಲವು ಹಿತ್ತಲಲ್ಲಿಯೇ ಇದೆ. ಮೋಲರ ಮಾತು ಹಳ್ಳಿಯವರಿಗೇ ತಕ್ಕದ್ದು.

ಅವರ ಮುದಿಪ್ರಾಯದಲ್ಲಿ ದುಃಖಗಳಿಲ್ಲದೆ ಇರಲಿಲ್ಲ. 1873ರಲ್ಲಿ ಬಹು ಬುದ್ಧಿವಂತನಾಗಿದ್ದ ಮಗ ಹೋರೇಸನು ತೀರಿಹೋದನು. 1877ರಲ್ಲಿ ಪತ್ನಿ ಮೇರಿಯಮ್ಮನವರೂ ಅಗಲಿದರು. ಉಳಿದ ಮಕ್ಕಳಲ್ಲಿ ಜಾರ್ಜರೂ ಆರ್ಥರರೂ ಚೀನಾ ದೇಶದಲ್ಲಿ ಸುವಾರ್ತೆಯ ಸೇವಕರಾದರು. ಹ್ಯಾಂಡ್ಲಿಯವರು 1901ರಲ್ಲಿ ಡರಮ್ ಪ್ರಾಂತದ ಬಿಷಪರಾದರು. ಹೆನ್ರಿ ಮೋಲರು 1880ನೆಯ ಇಸವಿ ಫೆಬ್ರವರಿ 3ರಂದು ತಮ್ಮ 79ನೆಯ ಪ್ರಾಯದಲ್ಲಿ ಫೋರ್ಡಿಂಗ್ಟನಿನ ಬೋಧಕರ ಮನೆಯಲ್ಲಿಯೇ ವಿಶ್ರಾಂತಿಯನ್ನು ಹೊಂದಿದರು. ಕಾಲರಾ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಜರ್ಮನಿಯ ಕಾಕ್ ಪಂಡಿತರು ಐಗುಪ್ತದಲ್ಲಿಯೂ ಕಲ್ಕತ್ತೆಯಲ್ಲಿಯೂ ಗುರುತಿಸಿ ಲೋಕಕ್ಕೆ ತೋರಿಸಿದ್ದು 1883–84ರಲ್ಲಿ. ಹೀಗೆ ಶತ್ರುವಿನ ಮುಖವನ್ನು ಕಾಣದೆಯೇ ಮೋಲರು ಅದರ ದಾರಿಯನ್ನು ಕಟ್ಟಿದ್ದರು.

ಅವರ ಪದ್ಧತಿಯು ನಮ್ಮ ಹಿಂದೂದೇಶಕ್ಕೂ ಬಂತು; ಸೈನ್ಯದ ಬಿಡಾರಗಳಲ್ಲಿಯೂ ಸೆರೆಮನೆಗಳಲ್ಲಿಯೂ ಬಹಳವಾಗಿ ಬಳಕೆಯಾಯಿತು. ಆದರೆ ಇಲ್ಲಿ ಒಂದು ದೊಡ್ಡ ಕೇಡು ಅದರೊಂದಿಗೆ ಸೇರಿಕೊಂಡಿತು. ಫೋರ್ಡಿಂಗ್ಟನಿನಲ್ಲಿ ಮಲವನ್ನು ಮಣ್ಣಿಗೆ ಒಪ್ಪಿಸುವದು ಆಯಾ ಮನೆಯ ಮುಂಜಾನೆಯ ಕಾಲು ತಾಸಿನ ಕೆಲಸವಾಗಿತ್ತು. ನಮ್ಮ ದೇಶದಲ್ಲಿ ಅದನ್ನು ಹುಟ್ಟಿನಿಂದಲೇ ಕೀಳೆಂದು ಎಣಿಸಲ್ಪಟ್ಟ ಜನರ ತಲೆಯ ಮೇಲೆ ಹೊರಿಸಿದರು. ಮಣ್ಣು ಮುಚ್ಚುವ ಮೊದಲೇ, ಹಸಿಯಾದದ್ದನ್ನೇ, ಬುಟ್ಟಿಯಲ್ಲಿ ತುಂಬಿ, ಮಳೆಗಾಲದಲ್ಲಿ ಮುಖದ ಮೇಲೆ ಸೋರುತ್ತಿದ್ದರೂ ಅವರು ಹೊತ್ತರು. ಇದು ಮಣ್ಣಿನ ತಪ್ಪಲ್ಲ. ತನ್ನ ಹೊಟ್ಟೆಯದನ್ನು ಇನ್ನೊಬ್ಬನು ಹೊರಲಿ ಎನ್ನುವ ಗರ್ವದ ತಪ್ಪು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವದನ್ನು ನಿಷೇಧಿಸಿದರು. ದೇಶಕ್ಕೆಲ್ಲಾ 1993ರಲ್ಲಿ ಒಂದು ಕಾಯಿದೆಯೂ 2013ರಲ್ಲಿ ಅದಕ್ಕಿಂತ ಕಠಿಣವಾದ ಇನ್ನೊಂದು ಕಾಯಿದೆಯೂ ಆದವು. ಆದದರಿಂದ ಮೋಲರ ಪಾಯಖಾನೆಯನ್ನು ಮನೆಯಲ್ಲಿ ಕಟ್ಟಲಿಚ್ಛಿಸುವವನು ಮೊದಲು ಒಂದು ನಿಯಮವನ್ನು ಕಟ್ಟಿಕೊಳ್ಳಬೇಕು: ಇದರ ಕೆಲಸವನ್ನು ಮನೆಯವರೇ ಮಾಡತಕ್ಕದ್ದು.

ನಲ್ಲಿಯೂ ಚರಂಡಿಯೂ ಇಲ್ಲದ ಒಂಟಿಮನೆಗೆ ಈಗಿನ ತಿಳುವಳಿಕೆಯಂತೆ ಇದನ್ನು ಕಟ್ಟುವ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮನೆಯ ಒಂದು ಮೂಲೆಯಲ್ಲಿ, ಹೊರಗೋಡೆಗೆ ತಾಗಿ, ನೆಲದ ಮಟ್ಟಕ್ಕಿಂತ ಮೇಲೆ ಇಟ್ಟಿಗೆಯಿಂದ ಎರಡು ಕೋಣೆಗಳ ತೊಟ್ಟಿಯನ್ನು ಕಟ್ಟಿ, ತಳಕ್ಕೆ ನೀರಿಳಿಯದಂತೆ ಗಾರೆ ಮಾಡಬೇಕು. ಮೇಲಿನ ಹಾಸಿನಲ್ಲಿ ಒಂದೊಂದು ಕೋಣೆಗೆ ಒಂದೊಂದು ತೂತು, ಅದಕ್ಕೆ ಬಿಗಿಯಾದ ಮುಚ್ಚಳ. ಮೂತ್ರವೂ ತೊಳೆಯುವ ನೀರೂ ಒಳಗೆ ಬೀಳಬಾರದು. ಬಿದ್ದರೆ ಒದ್ದೆಯಾಗಿ ನಾತವೂ ಹುಳವೂ ಹುಟ್ಟುವವು. ಮೂತ್ರಕ್ಕೆ ಮುಂದುಗಡೆ ಬೇರೆ ಬಾಯಿ ಮಾಡಿ ಕೊಳವೆಯಿಂದ ಗಿಡಗಳ ಬುಡಕ್ಕೆ ಬಿಡಬೇಕು; ತೊಳೆಯುವದಕ್ಕೆ ಮಗ್ಗುಲಲ್ಲಿ ಬೇರೆ ಸ್ಥಳವಿಟ್ಟು ಆ ನೀರನ್ನು ಜಲ್ಲಿ ತುಂಬಿದ ಗುಂಡಿಗೆ ಹರಿಸಬೇಕು. ತೊಟ್ಟಿಯಿಂದ ಮಾಡಿನ ಮೇಲಕ್ಕೆ ಗಾಳಿಯ ಕೊಳವೆಯನ್ನು ಏರಿಸಿ, ಅದರ ತುದಿಗೆ ನೊಣ ನುಸುಳದಂತೆ ಬಲೆಯನ್ನು ಕಟ್ಟಬೇಕು.

ಪ್ರತಿ ಸಾರಿಯೂ ಒಣಮಣ್ಣನ್ನಾಗಲಿ ಒಲೆಯ ಬೂದಿಯನ್ನಾಗಲಿ ಧಾರಾಳವಾಗಿ ಹಾಕಿ ಮುಚ್ಚಬೇಕು. ಬರೇ ಮರಳು ಪ್ರಯೋಜನವಿಲ್ಲ. ಅದು ತೇವವನ್ನು ಹೀರುವದಿಲ್ಲ. ಜೇಡಿ ಬೆರೆತ ತೋಟದ ಮಣ್ಣನ್ನು ಬೇಸಿಗೆಯಲ್ಲಿ ಒಣಗಿಸಿ ಸೋಸಿ ಮಳೆಗಾಲಕ್ಕೋಸ್ಕರ ಕೂಡಿಸಿಡಬೇಕು. ಒಂದು ಕೋಣೆ ತುಂಬಿದ ಮೇಲೆ ಅದನ್ನು ಭದ್ರಪಡಿಸಿ ಇನ್ನೊಂದನ್ನು ಉಪಯೋಗಿಸಬೇಕು. ಇಲ್ಲಿ ಮೋಲರಿಗೆ ತಿಳಿಯದಿದ್ದ ಒಂದು ಸಂಗತಿಯನ್ನು ಕೂಡಿಸಬೇಕಾಗಿದೆ. ವಾಸನೆ ಹೋದ ಮಾತ್ರಕ್ಕೆ ರೋಗಬೀಜ ಹೋಯಿತೆಂದು ತಿಳಿಯಬಾರದು. ಕರುಳಿನ ಹುಳುಗಳ ತತ್ತಿಗಳು ಬಹು ಕಾಲ ಬದುಕುತ್ತವೆ. ಆದಕಾರಣ ಮಣ್ಣನ್ನು ಒಣಗಿಸಿ ಪುನಃ ಪುನಃ ಉಪಯೋಗಿಸುವ ಅವರ ರೂಢಿಯನ್ನು ನಾವು ಹಿಡಿಯಬಾರದು. ನಮ್ಮ ಸೀಮೆಯ ಸೆಕೆಯಲ್ಲಾದರೂ ಮುಚ್ಚಿದ ಕೋಣೆಯನ್ನು ಒಂದು ವರುಷಕ್ಕಿಂತ ಹೆಚ್ಚು ಕಾಲ ಮುಟ್ಟದೆ ಬಿಡಬೇಕು. ಆ ಮೇಲೆ ತೆಗೆದದ್ದು ಕಪ್ಪಾದ ಪುಡಿಮಣ್ಣು. ಅದನ್ನು ತೆಂಗು ಬಾಳೆಗಳ ಬುಡಕ್ಕೆ ಹಾಕಬಹುದು, ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕಬಾರದು. ಸಾಬೂನಿನಿಂದ ಕೈ ತೊಳೆಯದೆ ಇದ್ದರೆ ಈ ಎಲ್ಲಾ ಕಟ್ಟಡವು ವ್ಯರ್ಥ.

ಪ್ರಿಯರೇ, ಇಸ್ರಾಯೇಲ್ಯರ ಪಾಳೆಯದಲ್ಲಿ ಪ್ರತಿಯೊಬ್ಬನೂ ತನ್ನ ಆಯುಧಗಳ ಸಂಗಡ ಸಲಿಕೆಯನ್ನು ಇಟ್ಟುಕೊಂಡು ಅಗಿದು ಮುಚ್ಚಬೇಕೆಂಬ ಕಟ್ಟಳೆಯು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ ಇರುವದನ್ನು ನಾವೆಲ್ಲರೂ ಓದಿದ್ದೇವೆ. ಓದಿ ಬೇಗನೆ ದಾಟಿಹೋಗಿದ್ದೇವೆ. ಸಲಿಕೆಯು ಪ್ರತಿಯೊಬ್ಬನ ಕೈಯಲ್ಲಿತ್ತೇ ಹೊರತು, ಎಲ್ಲರದನ್ನೂ ಮುಚ್ಚುವದಕ್ಕೆ ಒಂದು ಕುಲವನ್ನು ಅಲ್ಲಿ ನೇಮಿಸಿರಲಿಲ್ಲ. ಹೆನ್ರಿ ಮೋಲರು ದೊಡ್ಡವರಿಗೆ ಪತ್ರ ಬರೆದದ್ದೂ ಒಳ್ಳೇದೇ. ಆದರೆ ಊರಿಗೆ ಉಪಕಾರವಾದದ್ದು ಅವರು ತಮ್ಮ ಸ್ವಂತ ಗುಂಡಿಯನ್ನು ಮುಚ್ಚಿದ ದಿನದಿಂದ. ಗಿರಣಿಯ ಬೀದಿಯಲ್ಲಿ ಅವರು ಹೂತ ಮಕ್ಕಳು ಪುನಃ ಎದ್ದು ಬರಲಿಲ್ಲ. ಆದರೆ ಮುಂದೆ ಹುಟ್ಟಿದ ಎಷ್ಟೋ ಮಕ್ಕಳು ಹೂಳಲ್ಪಡದೆ ಬೆಳೆದರು. ನಮ್ಮ ಬಾವಿಗಳ ಬಳಿಯಲ್ಲಿಯೂ ಮಕ್ಕಳು ಆಡುತ್ತಿದ್ದಾರೆ. ಅವರನ್ನು ನೋಡಿ ನಮ್ಮ ನಮ್ಮ ಹಿತ್ತಲಿಗೆ ಹೋಗೋಣ. ಸಲಿಕೆಯನ್ನು ನಾವೇ ಹಿಡಿಯೋಣ.